ಕಲಾಶಾಲೆಯ ಹೊಸ್ತಿಲಿಗೆ ಮುನ್ನ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ, ಚಿತ್ರ ಬರೆಯುವ ಕೈಯುಳ್ಳ ಮಕ್ಕಳಿರುವ ಮನೆಗಳಲ್ಲಿ ಒಂದು ಚರ್ಚೆ ಏಳುತ್ತದೆ. ಮಗುವಿಗೆ ಚಿತ್ರಕಲೆಯಲ್ಲಿಯೇ ಪದವಿ ಪಡೆಯುವ ಆಸೆ; ಪದವಿ ತರಗತಿಗೆ ಸೇರಬೇಕಾದರೆ ಸಾಮಾನ್ಯವಾಗಿ ಪಿ.ಯು.ಸಿ. ಮುಗಿದಿರಬೇಕು. ಹಾಗಾದರೆ ನಡುವಿನ ಎರಡು ವರ್ಷ ಏನನ್ನು ಓದುವುದು? ನಮ್ಮ ಅಗ್ರಹಾರದಂಥ ಹಳೆಯ ಬಡಾವಣೆಗಳಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ‘ಸದ್ಯಕ್ಕೆ ವಿಜ್ಞಾನಕ್ಕೆ ಸೇರಲಿ, ಆಮೇಲೆ ನೋಡೋಣ’ ಎಂಬುದು ಒಂದು. ‘ಹೇಗೂ ಚಿತ್ರ ಬರೆಯುವವನು, ಯಾವುದನ್ನು ಓದಿದರೇನು’ ಎಂಬುದು ಮತ್ತೊಂದು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ಕಂಡರೂ ಮೂಲದಲ್ಲಿ ಒಂದೇ. ಆ ಎರಡು ವರ್ಷಗಳನ್ನು ಹೇಗಾದರೂ ಕಳೆದುಬಿಡಬೇಕಾದ ಕಾಲವೆಂದು ಎರಡೂ ಭಾವಿಸುತ್ತವೆ. ಕಲಾಶಿಕ್ಷಣದ ತಳಹದಿ ಬೀಳುವುದೇ ಆ ಅವಧಿಯಲ್ಲಿ ಎಂಬುದನ್ನು ನಿವೇದಿಸುವುದು ಈ ಭಾಷಣದ ಉದ್ದೇಶ.

ಕಲೆಯನ್ನು ಕಲಿಯುವ ಮೊದಲು ಏನನ್ನು ಕಲಿತಿರಬೇಕು ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ವಜ್ರನೆಂಬ ಅರಸನು ಮಾರ್ಕಂಡೇಯ ಮುನಿಯನ್ನು ಕಂಡು, ಪ್ರತಿಮೆಗಳನ್ನು ರೂಪಿಸುವ ವಿದ್ಯೆಯನ್ನು ತನಗೆ ತಿಳಿಸಬೇಕೆಂದು ಬೇಡುತ್ತಾನೆ. ಚಿತ್ರವನ್ನು ಅರಿಯದವನಿಗೆ ಪ್ರತಿಮೆಯ ಲಕ್ಷಣ ತಿಳಿಯದೆಂದು ಮುನಿ ಹೇಳುತ್ತಾನೆ. ಹಾಗಾದರೆ ಚಿತ್ರವನ್ನೇ ಕಲಿಸಬೇಕೆಂದರೆ, ಅದಕ್ಕೆ ನೃತ್ಯದ ಅರಿವು ಬೇಕು. ನೃತ್ಯಕ್ಕೆ ವಾದ್ಯದ ಅರಿವು, ವಾದ್ಯಕ್ಕೆ ಗೀತದ ಅರಿವು. ಹೀಗೆ ಒಂದು ವಿದ್ಯೆಯ ಬಾಗಿಲು ಇನ್ನೊಂದು ವಿದ್ಯೆಯ ಅಂಗಳದಲ್ಲಿ ತೆರೆಯುತ್ತದೆ. ಇದನ್ನು ಪುರಾಣದ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. ಚಿತ್ರದೊಳಗಿನ ಆಕೃತಿ ನಿಂತಿರುವ ಭಂಗಿ, ಅದರ ತೂಕ, ಅದರ ಲಯ ಇವೆಲ್ಲ ಬರಿಯ ಕುಂಚದಿಂದ ಬರುವುವಲ್ಲ ಎಂಬ ಅನುಭವದ ಮಾತು ಇದು.

ನಮ್ಮ ನಾಡಿನ ಇಬ್ಬರು ದೊಡ್ಡ ಕಲಾವಿದರ ಜೀವನ ಈ ಮಾತಿಗೆ ಸಾಕ್ಷಿಯಾಗಿದೆ. ಮೈಸೂರಿನ ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥಾ ಗ್ರಂಥ 1913ರಲ್ಲಿ ಹೊರಬಂದಾಗ ಅದರಲ್ಲಿ ಈ ಮೈಸೂರಿನ ತರುಣನ ರಾಮಾಯಣ ಚಿತ್ರಗಳಿದ್ದವು. ಇದೇ ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಶ್ರದ್ಧೆಯಿಂದ ಅಭ್ಯಾಸ ಮಾಡಿದವರು. ಇನ್ನು, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ.ಕೆ. ಹೆಬ್ಬಾರರು ಮೊದಲು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕಲಿತು, ಬಳಿಕ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು, ಮುಂದೆ ಪ್ಯಾರಿಸ್ಸಿಗೂ ಹೋದರು. ರೇಖೆಯ ಲಯವನ್ನು ಅರಿಯಬೇಕೆಂದು ಅವರು ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಒಂದೆಡೆ ಮೊದಲ ಹೆಜ್ಜೆ, ಇನ್ನೊಂದೆಡೆ ಪ್ರೌಢ ವ್ಯಾಸಂಗ ಎಂಬ ಕ್ರಮ ಅವರ ಕಾಲದಿಂದಲೂ ಬಂದುದೇ ಆಗಿದೆ.

ಸಯ್ಯಾಜಿರಾವ್ ರಸ್ತೆಯಲ್ಲಿ 1906ರಲ್ಲಿ ಅಡಿಗಲ್ಲು ಬಿದ್ದ ಆ ತಾಂತ್ರಿಕ ಸಂಸ್ಥೆಯ ಪರಂಪರೆಯಿಂದಲೇ ಇಂದು ‘ಕಾವಾ’ ಎಂದು ಜನರ ಬಾಯಲ್ಲಿರುವ ಚಾಮರಾಜೇಂದ್ರ ದೃಶ್ಯಕಲಾ ಸಂಸ್ಥೆ ಬೆಳೆದುಬಂದಿದೆ. ಚಿತ್ರಕಲೆ, ಶಿಲ್ಪ, ಗ್ರಾಫಿಕ್ ಕಲೆ, ಅನ್ವಯಿಕ ಕಲೆ, ಛಾಯಾಗ್ರಹಣ ಮುಂತಾದ ವಿಭಾಗಗಳಿರುವ ಇಂಥ ಸಂಸ್ಥೆ ತಮ್ಮ ಊರಿನಲ್ಲಿಯೇ ಇರುವುದು ಮೈಸೂರಿನ ಮಕ್ಕಳ ಭಾಗ್ಯವೆನ್ನಬೇಕು.

ಕಲಾಶಾಲೆಗೆ ಸೇರುವ ಹೊತ್ತಿಗೆ ವಿದ್ಯಾರ್ಥಿ ಪಳಗಿದ ಕಲಾವಿದನಾಗಿರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಜರ್ಮನಿಯ ವೈಮಾರಿನಲ್ಲಿ 1919ರಲ್ಲಿ ಬೌಹೌಸ್ ಎಂಬ ಶಾಲೆ ಆರಂಭವಾದಾಗ, ಯೊಹಾನೆಸ್ ಇಟೆನ್ ಎಂಬ ಅಧ್ಯಾಪಕರು ಹೊಸಬರೆಲ್ಲರಿಗೂ ಒಂದು ಪ್ರಾರಂಭಿಕ ಶಿಕ್ಷಣವನ್ನು ಗೊತ್ತುಮಾಡಿದರು. ಬಣ್ಣ, ಆಕಾರ, ವಸ್ತುಗಳ ಗುಣ ಇವನ್ನು ಕೈಯಾರೆ ಅರಿತ ಮೇಲೆಯೇ ಒಂದೊಂದು ಕಸುಬಿನ ಕಡೆಗೆ ಪ್ರವೇಶ. ಇಂದು ನಮ್ಮ ದೇಶದ ಹಲವು ಕಲಾಶಾಲೆಗಳಲ್ಲಿ ಮೊದಲಿಗೆ ಎಲ್ಲರಿಗೂ ಸಮಾನವಾದ ತಳಹದಿಯ ಪಾಠವಿರುವುದರ ಹಿಂದೆ ಇಂಥದೇ ವಿವೇಕವಿದೆ. ಆದುದರಿಂದ ಮುಂಚಿನ ಎರಡು ವರ್ಷಗಳಲ್ಲಿ ಬೇಕಾದುದು ನೋಡುವ ಕಣ್ಣು, ಬಿಡದೆ ದುಡಿಯುವ ಕೈ, ಮತ್ತು ಓದಿನಿಂದ ಹದಗೊಂಡ ಮನಸ್ಸು.

ಮೊದಲು ಓದಿನ ಮಾತು. ಕಲಾ ವಿಭಾಗದಲ್ಲಿ ಇತಿಹಾಸ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಐಚ್ಛಿಕ ಕನ್ನಡ ಇವುಗಳಲ್ಲಿ ತಮ್ಮ ಕಾಲೇಜಿನಲ್ಲಿ ದೊರೆಯುವುದನ್ನು ಆರಿಸಿಕೊಳ್ಳಬಹುದು. ಹೊಯ್ಸಳರ ಇತಿಹಾಸವನ್ನು ಮನಸ್ಸಿಟ್ಟು ಓದಿದವನು ಸೋಮನಾಥಪುರದ ಮುಂದೆ ನಿಂತು ಕಾಣುವುದು, ಓದದವನು ಕಾಣುವುದಕ್ಕಿಂತ ಹೆಚ್ಚು. ಹಾಗೆಂದು ವಿಜ್ಞಾನ ನಿಷ್ಪ್ರಯೋಜಕವಲ್ಲ. ತಾಮ್ರದ ತಗಡನ್ನು ಆಮ್ಲದಿಂದ ಕೊರೆಯುವ ಗ್ರಾಫಿಕ್ ಕಲೆಗೆ ರಸಾಯನಶಾಸ್ತ್ರವೂ, ಛಾಯಾಗ್ರಹಣಕ್ಕೆ ಬೆಳಕಿನ ಪಾಠವೂ ನೆರವಾಗುತ್ತವೆ. ಕಟ್ಟಡಗಳ ವಾಸ್ತುಶಿಲ್ಪದ ಪದವಿಯತ್ತಲೂ ಮನಸ್ಸು ಎಳೆಯುತ್ತಿರುವ ಹುಡುಗಿ ಗಣಿತವನ್ನು ಕೈಬಿಡಬಾರದು. ಆ ಪದವಿಗೆ ಅದು ಅವಶ್ಯ. ಚಿತ್ರಕಲೆಯೆಂದು ನಿಶ್ಚಯಿಸಿದವಳಿಗೆ ಮಾತ್ರ, ಹಗಲಿರುಳೂ ಮನೆಪಾಠಕ್ಕೆ ಅಲೆಸಿ ಕೈಗೆ ಬಿಡುವೇ ಇಲ್ಲದಂತೆ ಮಾಡುವ ವಿಜ್ಞಾನ ವ್ಯಾಸಂಗ ನಷ್ಟದ ಬಾಬತ್ತು.

ಇನ್ನು ಕೈಯ ಮಾತು. ನಮ್ಮ ರಾಜ್ಯದಲ್ಲಿ ನಡೆಯುವ ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಕುಳಿತರೆ ಅಭ್ಯಾಸಕ್ಕೆ ಒಂದು ಶಿಸ್ತು ಬರುತ್ತದೆ. ಅದಕ್ಕಿಂತ ಮುಖ್ಯವಾದುದು ದಿನಕ್ಕೊಂದು ಗಂಟೆಯ ರೇಖಾಭ್ಯಾಸ. ಇದಕ್ಕೆ ಬೆಲೆಬಾಳುವ ಕಾಗದ ಬೇಡ. ಹೊಲಿದ ಪುಸ್ತಕವೊಂದು, ಎರಡು ಪೆನ್ಸಿಲು ಸಾಕು. ಅಡುಗೆಮನೆಯ ಚೊಂಬು, ದೇವರಾಜ ಮಾರುಕಟ್ಟೆಯ ಹೂವಿನ ರಾಶಿ, ಮೃಗಾಲಯದ ಪ್ರಾಣಿಗಳು, ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುವವರ ಬಾಗಿದ ಬೆನ್ನು ಇವೆಲ್ಲ ಪಾಠಗಳೇ. ಅಗ್ರಹಾರದಿಂದ ನಡೆದುಹೋಗಬಹುದಾದ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳೂ, ಹಳದಣಕರರ ದೀಪ ಹಿಡಿದ ಹೆಂಗಸಿನ ಜಲವರ್ಣ ಚಿತ್ರವೂ ಇವೆ. ಆ ದೀಪದ ಬೆಳಕು ಬೆರಳ ಸಂದಿಯಲ್ಲಿ ಹೇಗೆ ಕೆಂಪಾಗಿದೆ ಎಂಬುದನ್ನು ಅರ್ಧ ಗಂಟೆ ನಿಂತು ನೋಡುವುದು ಒಂದು ವ್ಯಾಸಂಗ.

ಹೀಗೆ ಬರೆದುದರಲ್ಲಿ ಉತ್ತಮವಾದುವನ್ನು ತೇದಿ ಹಾಕಿ ಕೂಡಿಡಬೇಕು. ಪ್ರವೇಶದ ವೇಳೆ ಅನೇಕ ಕಲಾಶಾಲೆಗಳು ಅಂಕಪಟ್ಟಿಯೊಂದಿಗೆ ಇಂಥ ಚಿತ್ರಸಂಪುಟವನ್ನು ನೋಡುತ್ತವೆ, ಇಲ್ಲವೆ ಎದುರಿನಲ್ಲಿ ಕೂರಿಸಿ ಚಿತ್ರ ಬರೆಸುತ್ತವೆ. ಕ್ಯಾಲೆಂಡರಿನಿಂದಲೋ ನಟನಟಿಯರ ಭಾವಚಿತ್ರದಿಂದಲೋ ತದ್ರೂಪಾಗಿ ಇಳಿಸಿದ ಹತ್ತು ಚಿತ್ರಗಳಿಗಿಂತ, ಕಂಡುದನ್ನು ಬರೆದ ಒಂದು ಓರೆಕೋರೆಯ ಚಿತ್ರ ಪರೀಕ್ಷಕರಿಗೆ ಹೆಚ್ಚನ್ನು ಹೇಳುತ್ತದೆ. ಅರ್ಹತೆ, ವಯಸ್ಸು, ಪರೀಕ್ಷೆಯ ಸ್ವರೂಪ ಇವು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುವುದರಿಂದ, ಮೈಸೂರು, ಬೆಂಗಳೂರು, ಬರೋಡ, ಶಾಂತಿನಿಕೇತನ ಎಲ್ಲಿಗೇ ಹೋಗಬೇಕೆಂದಿದ್ದರೂ ಅಲ್ಲಿಯ ನಿಯಮಾವಳಿಯನ್ನು ಮೊದಲ ಪಿ.ಯು. ವರ್ಷದಲ್ಲಿಯೇ ತರಿಸಿ ಓದುವುದು ಲೇಸು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೂ ಇದೇ ಸಮಸ್ಯೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ಕಡಿಮೆ ಶುಲ್ಕದ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದಿ, ಅನಂತರ ನಾಲ್ಕು ವರ್ಷದ ಪದವಿಯುಳ್ಳ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗುವ ಪದ್ಧತಿಯಿದೆ. ಭಾಷೆ, ಇತಿಹಾಸ, ಗಣಿತ ಮುಂತಾದ ಸಾಮಾನ್ಯ ವಿಷಯಗಳ ಗಳಿಕೆ ಬಹುಮಟ್ಟಿಗೆ ಜಮೆಯಾಗುತ್ತದೆ. ಚಿತ್ರಾಭ್ಯಾಸದ ಪಾಠಗಳಿಗೆ ಬಂದರೆ, ಎಷ್ಟೋ ಕಡೆ ಕಲಾವಿಭಾಗದವರು ವಿದ್ಯಾರ್ಥಿಯ ಕೃತಿಗಳನ್ನು ನೋಡಿಯೇ ಅವನು ಯಾವ ತರಗತಿಗೆ ತಕ್ಕವನೆಂದು ನಿರ್ಧರಿಸುತ್ತಾರೆ. ಅಂಕದ ಲೆಕ್ಕ ಬೇರೆ, ಕೈಯ ಲೆಕ್ಕ ಬೇರೆ. ಎರಡನ್ನೂ ಜೊತೆಯಾಗಿ ಬರೆದಿಡಬೇಕು ಎಂಬ ನೀತಿ ಅಲ್ಲಿಗೂ ಇಲ್ಲಿಗೂ ಒಂದೇ.

ಕಡೆಯದಾಗಿ ತಾಯ್ತಂದೆಗಳ ಆತಂಕ. ಚಿತ್ರ ಹೊಟ್ಟೆ ಹೊರೆದೀತೆ ಎಂಬ ಅವರ ಪ್ರಶ್ನೆ ಅಲ್ಲಗಳೆಯುವಂಥದಲ್ಲ. ಬೋಧನೆ, ಪುಸ್ತಕ ವಿನ್ಯಾಸ, ಜಾಹೀರಾತು, ಬಟ್ಟೆಯ ವಿನ್ಯಾಸ, ಚಲನಚಿತ್ರ ಹೀಗೆ ದಾರಿಗಳಿವೆ, ಯಾವುದೂ ಸಲೀಸಲ್ಲ. ಆದುದರಿಂದಲೇ ಪಿ.ಯು.ಸಿ.ಯನ್ನು ಅಲಕ್ಷ್ಯದಿಂದ ಮುಗಿಸದೆ ಗೌರವವಾಗಿ ಮುಗಿಸಬೇಕು. ಮನಸ್ಸು ಬದಲಾದರೆ ಬೇರೆ ಬಾಗಿಲುಗಳು ಅದರಿಂದ ತೆರೆದಿರುತ್ತವೆ. ತಡವಾಯಿತೆಂದು ಹೆದರಬೇಕಾದುದೂ ಇಲ್ಲ. ಕೆ.ಜಿ. ಸುಬ್ರಹ್ಮಣ್ಯನ್ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದ ಮೇಲೆ 1944ರಲ್ಲಿ ಶಾಂತಿನಿಕೇತನದ ಕಲಾಭವನಕ್ಕೆ ಹೋದವರು. ಹದಿನಾರರ ಹರೆಯದ ಆಸೆಯನ್ನು ಮನೆಯವರು ಒಂದೇ ಮಾತಿನಲ್ಲಿ ಹೊಸಕಿಹಾಕುವುದೂ ತರವಲ್ಲ, ಪರೀಕ್ಷಿಸದೆ ಒಪ್ಪಿಬಿಡುವುದೂ ತರವಲ್ಲ. ಎರಡು ವರ್ಷದ ಕೊನೆಗೆ ಮಗುವಿನ ರೇಖಾಪುಸ್ತಕಗಳನ್ನು ಮೊದಲಿನಿಂದ ತಿರುವಿಹಾಕಿ ನೋಡಲಿ. ಆಸೆ ನಿಜವಾದುದಾದರೆ ಅದರ ಬೆಳವಣಿಗೆ ಆ ಹಾಳೆಗಳಲ್ಲಿಯೇ ಕಾಣುತ್ತದೆ.