ಹಾಜರಿ ಪುಸ್ತಕದ ಹೊರಗೆ

ಕರ್ನಾಟಕದ ಅಸಂಖ್ಯ ಮನೆಗಳ ಪಡಸಾಲೆಯಲ್ಲಿ ಬೇಸಗೆಯ ಬರಿಗಾಲಿಗೆ ತಂಪನ್ನೀಯುವ ಶಹಾಬಾದಿ ಕಲ್ಲು, ತೆಂಗಳಿ ಎಂಬ ಊರಿನ ಸುತ್ತಣ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ನೆಲದಡಿ ಪದರಪದರವಾಗಿ ಮಲಗಿರುವ ಸುಣ್ಣಶಿಲೆ. ಸಿಮೆಂಟ್ ಕಾರ್ಖಾನೆಗಳನ್ನು ಈ ನಾಡಿಗೆ ಕರೆತಂದುದೂ ಅದೇ. ಆದರೆ ಒಂದೇ ಶಿಲೆಯನ್ನು ನಂಬಿ ಬಾಳುವವರಲ್ಲಿ ಕಾರ್ಖಾನೆಯ ಖಾಯಂ ನೌಕರನಿಗೆ ಪಗಾರದ ಚೀಟಿ, ಭವಿಷ್ಯನಿಧಿ, ಗ್ರಾಚ್ಯುಟಿಗಳು ದೊರೆಯುತ್ತಿರಲು, ಖಣಿಗಿಳಿದು ಫರಸಿ ಎಬ್ಬಿಸುವವನ ಕೈಗೆ ಬಹುಮಟ್ಟಿಗೆ ಬರುವುದು ಅಂದಿನ ಕೂಲಿಯಷ್ಟೆ.

ಕಾನೂನು ಇವನನ್ನು ಮರೆತಿತ್ತೆಂದು ಹೇಳಲಾಗದು. 1948ರ ಕನಿಷ್ಠ ವೇತನ ಕಾಯಿದೆ ಕೂಲಿಯ ಕೆಳಮಿತಿಯನ್ನು ಗೊತ್ತುಮಾಡುವ ಅಧಿಕಾರವನ್ನು ಸರಕಾರಕ್ಕಿತ್ತಿತು. 1952ರ ಗಣಿ ಕಾಯಿದೆಯಾದರೋ, 6 ಮೀಟರಿಗಿಂತ ಆಳವಿಲ್ಲದ, 50 ಮಂದಿಗೆ ಮೀರದ, ಮದ್ದು ಸಿಡಿಸದ ಕಟ್ಟಡಕಲ್ಲಿನ ತೆರೆದ ಖಣಿಗಳನ್ನು ತನ್ನ ಬಹುಪಾಲು ನಿಬಂಧನೆಗಳಿಂದ ಹೊರಗಿಟ್ಟಿತು; ಸಣ್ಣ ಖಣಿಯ ಬಡ ಆಳಿಗೆ ಇದು ದೊಡ್ಡ ಕೊರತೆಯಾಯಿತೆಂದೇ ನನ್ನ ಭಾವನೆ.

ಅಪಘಾತದ ಪರಿಹಾರವನ್ನೇ ನೋಡಬಹುದು. 1923ರ ಪರಿಹಾರ ಕಾಯಿದೆಯ ಔದಾರ್ಯವೆಂದರೆ, ದುಡಿಮೆಯಲ್ಲಿ ಆಳು ಮಡಿದರೆ ತಪ್ಪು ಮಾಲೀಕನದೇ ಎಂದು ಅವನ ಹೆಂಡಿರುಮಕ್ಕಳು ಸಾಧಿಸಬೇಕಾಗಿರಲಿಲ್ಲ. ಪರಿಹಾರದ ಲೆಕ್ಕಕ್ಕೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 30 ವರ್ಷದವನಿಗೆ ಆ ಗುಣಕ 207.98. ವೇತನ 10,000 ರೂಪಾಯಿಯಾಗಿದ್ದರೆ ಪರಿಹಾರ 10,39,900 ರೂಪಾಯಿ. ವೇತನವೇ ಸಿದ್ಧವಾಗದಿದ್ದರೆ ಈ ಮೊತ್ತ ಕರಗುತ್ತದೆ. ಸತ್ತವನು ಅಲ್ಲಿ ಆಳಾಗಿದ್ದನೆಂಬುದೇ ಸಿದ್ಧವಾಗದಿದ್ದರೆ ಏನೂ ಉಳಿಯದು. ಗುತ್ತೇದಾರನ ಹಾಜರಿ ಪುಸ್ತಕದಲ್ಲಿ ಬರೆಯದೆ ಬಿಟ್ಟ ಒಂದು ಹೆಸರಿನ ಬೆಲೆ ಇದು.

ಇವೂ ಸೇರಿದಂತೆ 29 ಕೇಂದ್ರ ಕಾರ್ಮಿಕ ಕಾಯಿದೆಗಳನ್ನು ನಾಲ್ಕು ಸಂಹಿತೆಗಳಲ್ಲಿ ಅಡಕಗೊಳಿಸಿದ ಹೊಸ ವ್ಯವಸ್ಥೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಗುಣದೋಷಗಳ ಕುರಿತು ಕಾರ್ಮಿಕ ಸಂಘಗಳಿಗೆ ತೀವ್ರವಾದ ಆಕ್ಷೇಪಗಳಿವೆ. ಆದರೆ ಕಾರ್ಮಿಕನಿಗೆ ನೇಮಕಪತ್ರ ಕೊಡುವುದು ಮಾಲೀಕನ ಕರ್ತವ್ಯವೆಂದು ಅದರಲ್ಲಿ ವಿಧಿಸಿರುವುದು ಈ ಸೀಮೆಗೆ ಮಿಕ್ಕೆಲ್ಲಕ್ಕಿಂತ ಮಿಗಿಲಾದ ವಿಷಯ.

ಆದುದರಿಂದ ಖಣಿಗೋ ಕಾರ್ಖಾನೆಗೋ ಮನೆಯವರನ್ನು ಕಳುಹಿಸುವ ತಾಯಂದಿರಲ್ಲಿ, ಅಕ್ಷರ ಬಲ್ಲ ಮಕ್ಕಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಆ ಪತ್ರವನ್ನು ಕೇಳಿ ಪಡೆಯಿರಿ, ಅದು ಕೈಸೇರುವ ತನಕ ದುಡಿದ ದಿನ, ಸ್ಥಳ, ಮೇಸ್ತ್ರಿಯ ಹೆಸರು, ಪಡೆದ ಕೂಲಿ ಇಷ್ಟನ್ನೂ ಪ್ರತಿ ಸಂಜೆ ಮನೆಯ ನೋಟುಪುಸ್ತಕದಲ್ಲಿ ಬರೆದಿಡಿರಿ.