1804ರಲ್ಲಿ ಹುಟ್ಟದ 1804ರ ಡಾಲರ್

ಅಮೆರಿಕದ ಹಳೆಯ ಬೆಳ್ಳಿ ನಾಣ್ಯಗಳ ಮಾತು ಬಂತೆಂದರೆ 1804ರ ಡಾಲರಿನ ಕಥೆ ಬಂದೇ ಬರುತ್ತದೆ: ಆ ವರ್ಷ 19,570 ಡಾಲರ್ ಅಚ್ಚಾದವು, ಅವನ್ನು ಹೊತ್ತ ಹಡಗು ಮುಳುಗಿತು, ಅದಕ್ಕೇ ಅವು ಅಷ್ಟು ಅಪರೂಪ. ಕೇಳಿ ಕೇಳಿ ರೋಸಿಹೋಗಿದೆ.

ಹಡಗೂ ಇಲ್ಲ, ಮಣ್ಣೂ ಇಲ್ಲ. ಫಿಲಡೆಲ್ಫಿಯಾ ಟಂಕಸಾಲೆಯ ಕಡತದಲ್ಲಿ ಆ ಲೆಕ್ಕ ಇರುವುದು ನಿಜ. ಆದರೆ ಒಳ್ಳೆಯ ಉಕ್ಕು ದುಬಾರಿಯಾಗಿದ್ದ ಕಾಲ. ಅಚ್ಚು ಹಾಳಾಗುವವರೆಗೂ ಅದನ್ನೇ ಬಳಸುತ್ತಿದ್ದರು. ಹಾಗಾಗಿ ಆ ಡಾಲರುಗಳ ಮೇಲಿದ್ದದ್ದು 1803 ಅಥವಾ ಅದಕ್ಕೂ ಹಿಂದಿನ ಇಸವಿ. ಬಳಿಕ ಡಾಲರ್ ಹೊಡೆಯುವುದನ್ನೇ ನಿಲ್ಲಿಸಿದರು. 1834ರಲ್ಲಿ ಸಯಾಮಿನ ರಾಜ, ಮಸ್ಕತ್ತಿನ ಸುಲ್ತಾನ ಮುಂತಾದವರಿಗೆ ಉಡುಗೊರೆಯಾಗಿ ಕೊಡಲು ಅಮೆರಿಕ ಸರ್ಕಾರಕ್ಕೆ ನಾಣ್ಯಗಳ ಪೂರ್ತಿ ಸೆಟ್ ಬೇಕಾಯಿತು. ಕೊನೆಯ ಡಾಲರ್ ಎಂದಿನದೆಂದು ಕಡತ ತೆಗೆದರು, 1804 ಎಂದಿತ್ತು, ಅದೇ ಇಸವಿ ಹಾಕಿ ಹೊಸ ಅಚ್ಚು ಮಾಡಿದರು. ಅಷ್ಟೇ.

ಅಂಚು ನೋಡಿದರೂ ಸಾಕು. 1803ರ ಡಾಲರಿನ ಅಂಚಿನ ಅಕ್ಷರಗಳು ಸ್ಪಷ್ಟವಾಗಿವೆ. ಉಡುಗೊರೆಯ ಡಾಲರಿನಲ್ಲಿ ಅವು ಅಪ್ಪಚ್ಚಿಯಾಗಿವೆ. ಅಕ್ಷರ ಒತ್ತಿದ ಬಿಲ್ಲೆಯನ್ನು ಉಕ್ಕಿನ ಬಳೆಯೊಳಗಿಟ್ಟು ಹೊಡೆದದ್ದರ ಗುರುತು ಅದು. ಆ ಪದ್ಧತಿ ಈ ಟಂಕಸಾಲೆಗೆ ಬಂದದ್ದೇ 1820ರ ದಶಕದ ಕೊನೆಗೆ. ಇನ್ನು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿರುವ ಒಂದನ್ನಂತೂ 1857ರ ಸ್ವಿಸ್ ನಾಣ್ಯದ ಮೇಲೆಯೇ ಹೊಡೆದಿದ್ದಾರೆ! ಆಸೆಬುರುಕ ಸಂಗ್ರಾಹಕರಿಗಾಗಿ ಟಂಕಸಾಲೆಯವರೇ ಆಮೇಲೆ ಗುಟ್ಟಾಗಿ ಹೊಡೆದವು ಇಂಥವು. ಎಲ್ಲ ಸೇರಿ ಬಹುಕಾಲ ಗೊತ್ತಿದ್ದದ್ದು 15. ಅದರಲ್ಲೊಂದು 2021ರಲ್ಲಿ 76 ಲಕ್ಷ ಡಾಲರಿಗೂ ಮೀರಿ ಹರಾಜಾಯಿತು.

1962ರಲ್ಲೇ ನಾಣ್ಯತಜ್ಞರಾದ ಎರಿಕ್ ನ್ಯೂಮನ್, ಕೆನೆತ್ ಬ್ರೆಸೆಟ್ ಇಷ್ಟನ್ನೂ ಪುಸ್ತಕ ಬರೆದು ಇತ್ಯರ್ಥ ಮಾಡಿದ್ದಾರೆ. ಆದರೂ ‘ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು’ ಎಂದರೆ ನಂಬಿ ನಕಲಿಗೆ ದುಡ್ಡು ಸುರಿಯುವವರಿದ್ದಾರೆ. ಮುಳುಗಿದ ಹಡಗಿನ ಕಥೆಯೇ ಈ ಮೋಸಕ್ಕೆ ಬಂಡವಾಳ: ಎಲ್ಲೋ ಇನ್ನೂ ಸಾವಿರಾರು ಬಿದ್ದಿವೆ ಎಂದಾದರೆ ನಮಗೂ ಒಂದು ಸಿಗಬಾರದೇಕೆ ಎನ್ನಿಸುತ್ತದಲ್ಲ. ಕೈಯಲ್ಲಿರುವುದನ್ನು ತಕ್ಕಡಿಗೆ ಹಾಕಿ ಸುಮಾರು 26.96 ಗ್ರಾಂ ತೂಗುತ್ತದೆಯೇ ಎಂದೂ ನೋಡುವುದಿಲ್ಲ, ಮಾರುವವನ ಬಾಯಿ ನೋಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ದೇವರ ಸಾಮಾನಿನ ಹಾಗೆ ಬೆಳಗಿದರೆ ನಾಣ್ಯದ ಬೆಲೆ ಏರುವುದಿಲ್ಲ, ಬೀಳುತ್ತದೆ. 1794, 1795ರ ಕೆಲವು ಡಾಲರುಗಳ ಮುಖದ ಮೇಲಿನ ಸಾಲು ಗೆರೆಗಳು ಯಾರೋ ಗೀಚಿ ಕೆಡಿಸಿದ್ದಲ್ಲ. ತೂಕ ಹೆಚ್ಚಿದ್ದ ಬಿಲ್ಲೆಯನ್ನು ಅಚ್ಚಿಗಿಡುವ ಮುಂಚೆ ಟಂಕಸಾಲೆಯವರೇ ಅರದಿಂದ ಉಜ್ಜಿದ್ದು.