ಡಬ್ಬಿಯ ಸಿಹಿಗೆ ಚಿಟಿಕೆ ಉಪ್ಪು

ಅಮೆರಿಕದಲ್ಲಿ ಹುಟ್ಟುಹಬ್ಬದ ಕೇಕನ್ನು ಮನೆಯಲ್ಲಿಯೇ ಬೇಯಿಸುವವರು ಬಹಳ ಮಂದಿ. ಆದರೆ ಅದರ ಮೈಗೆ ಸವರುವ ‘ಫ್ರಾಸ್ಟಿಂಗ್’ ಎಂಬ ಸಿಹಿಲೇಪವನ್ನು ಅವರಲ್ಲಿ ಅನೇಕರು ಅಂಗಡಿಯಿಂದಲೇ ತರುತ್ತಾರೆ. ಸುಮಾರು ೪೫೦ ಗ್ರಾಂ ತೂಗುವ ಡಬ್ಬಿ. ಮುಚ್ಚಳ ತೆಗೆದು ಬಳಿದರೆ ಕೆಲಸ ಮುಗಿಯಿತು. ನೋಡಲು ಬೆಣ್ಣೆಯಂತೆ ನುಣುಪು. ನಾಲಗೆಯ ಮೇಲಿಟ್ಟರೆ ಮಾತ್ರ ಗಂಟಲು ಕೆರೆಯುವಷ್ಟು ಸಿಹಿ, ಅದರ ಹಿಂದೆಯೇ ಅಂಗುಳಿಗೆ ಮೇಣ ಮೆತ್ತಿದಂತಹ ಅನುಭವ, ಕಟ್ಟಕಡೆಗೆ ಒಂದಿಷ್ಟು ಔಷಧದ ವಾಸನೆ. ಹಣ ಕೊಟ್ಟು ತಂದುದನ್ನು ಎಸೆಯಲು ಮನಸ್ಸು ಬಾರದು. ಅತಿಥಿಗಳ ಮುಂದಿಡಲೂ ಮನಸ್ಸು ಬಾರದು. ಇಂತಹ ಡಬ್ಬಿಗಳು ಈಗ ನಮ್ಮ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿಯೂ ದೊರೆಯುವುದರಿಂದ, ದೋಷವೆಲ್ಲಿದೆ, ಅದನ್ನು ಮನೆಯಲ್ಲಿಯೇ ತಿದ್ದಬಹುದೇ ಎಂದು ವಿಚಾರಿಸುವುದು ವ್ಯರ್ಥವಾಗಲಾರದು.

ಮೊದಲು ಡಬ್ಬಿಯ ಹೊರಮೈಯನ್ನು ಓದೋಣ. ಪಟ್ಟಿಯ ಮೊದಲ ಹೆಸರು ಸಾಮಾನ್ಯವಾಗಿ ಸಕ್ಕರೆಯದು. ಅನಂತರ ತಾಳೆಎಣ್ಣೆ, ನೀರು, ಮೆಕ್ಕೆಜೋಳದ ಪಾಕ, ಪಿಷ್ಟ, ಎಣ್ಣೆ ನೀರುಗಳನ್ನು ಬೆಸೆದು ನಿಲ್ಲಿಸುವ ಎಮಲ್ಸಿಕಾರಕಗಳು, ಉಪ್ಪು, ಬಣ್ಣ, ಪರಿಮಳ. ಬೆಣ್ಣೆಯ ಹೆಸರು ಕಾಣುವುದೇ ಅಪರೂಪ. ಇದಕ್ಕಾಗಿ ತಯಾರಕನನ್ನು ದೂಷಿಸುವುದು ಅಷ್ಟೇನೂ ನ್ಯಾಯವಲ್ಲ. ಅವನ ಸರಕು ಲಾರಿಯ ಬಿಸಿಯನ್ನೂ ಅಂಗಡಿಯ ಕಪಾಟನ್ನೂ ತಿಂಗಳುಗಟ್ಟಲೆ ಸಹಿಸಬೇಕು. ಒಡೆಯಬಾರದು, ಹಳಸಬಾರದು, ಬೂಸ್ಟು ಹಿಡಿಯಬಾರದು. ಸಕ್ಕರೆ ಇಷ್ಟೊಂದು ಇರುವುದಕ್ಕೂ ಇದೊಂದು ಕಾರಣ. ನೀರಿನ ಅಣುಗಳನ್ನು ಸಕ್ಕರೆಯು ತನ್ನೊಡನೆ ಕಟ್ಟಿಹಾಕುವುದರಿಂದ ಸೂಕ್ಷ್ಮಜೀವಿಗಳಿಗೆ ಬದುಕಲು ಬೇಕಾದಷ್ಟು ನೀರು ದಕ್ಕದು. ಗಟ್ಟಿ ಪಾಕದಲ್ಲಿ ಕಟ್ಟಿದ ನಮ್ಮ ಉಂಡೆಗಳು ಬಹುಕಾಲ ಕೆಡದಿರುವುದೂ ಹೀಗೆಯೇ.

ಇನ್ನು ಮೇಣದ ಮಾತು. ಬೆಣ್ಣೆಯ ಜಿಡ್ಡು ಸುಮಾರು ೩೨ರಿಂದ ೩೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ನಮ್ಮ ದೇಹದ ಉಷ್ಣಾಂಶವೋ ೩೭. ಆದುದರಿಂದ ಬಾಯಿಗಿಟ್ಟ ಬೆಣ್ಣೆ ನೀರಾಗುತ್ತದೆ. ಕರಗುವಾಗ ಅದು ನಾಲಗೆಯಿಂದ ಶಾಖವನ್ನು ಹೀರಿ ಒಂದು ತಂಪನ್ನು ಕೊಡುತ್ತದೆ, ತನ್ನಲ್ಲಿ ಅಡಗಿದ್ದ ಪರಿಮಳವನ್ನು ಒಮ್ಮೆಗೇ ಬಿಟ್ಟುಕೊಡುತ್ತದೆ. ಇದಕ್ಕೆ ಪ್ರತಿಯಾಗಿ ತಾಳೆಎಣ್ಣೆಯಿಂದ ಬೇರ್ಪಡಿಸಿದ ಗಟ್ಟಿ ಭಾಗ ೪೫ ಡಿಗ್ರಿಯನ್ನು ಮೀರಿದರೂ ಪೂರ್ತಿ ಕರಗದಿರಬಹುದು. ಲಾರಿಯಲ್ಲಿ ಅದೇ ಗುಣ, ಬಾಯಲ್ಲಿ ಅದೇ ದೋಷ. ಹಿಂದೆ ಈ ಕೆಲಸಕ್ಕೆ ಜಲಜನಕ ಹಾಯಿಸಿ ಗಟ್ಟಿಮಾಡಿದ ಎಣ್ಣೆಯನ್ನು ಬಳಸುತ್ತಿದ್ದರು. ಅದರಲ್ಲಿನ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರವೆಂದು ತಿಳಿದ ಮೇಲೆ ಅಮೆರಿಕದ ಸರ್ಕಾರ ೨೦೧೫ರಲ್ಲಿ ಅದರ ವಿರುದ್ಧ ನಿರ್ಣಯ ಕೈಗೊಂಡಿತು. ಭಾರತದಲ್ಲಿಯೂ ೨೦೨೨ರ ಜನವರಿಯಿಂದ ಟ್ರಾನ್ಸ್ ಕೊಬ್ಬಿಗೆ ಶೇಕಡ ೨ರ ಮಿತಿ ಬಂದಿತು. ತಾಳೆಎಣ್ಣೆಗೆ ಡಬ್ಬಿಯಲ್ಲಿ ಇಷ್ಟು ಗೌರವ ದೊರೆತುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ತಿದ್ದುಪಾಟಿನ ಮೊದಲ ಹೆಜ್ಜೆ ಸ್ಪಷ್ಟ: ಬಾಯಲ್ಲಿ ಕರಗುವ ಜಿಡ್ಡನ್ನು ಸೇರಿಸಬೇಕು. ಡಬ್ಬಿಯೊಂದಕ್ಕೆ ಸುಮಾರು ೧೦೦ ಗ್ರಾಂ ಬೆಣ್ಣೆ ಸಾಕು. ಬೆಣ್ಣೆ ಕೋಣೆಯ ಉಷ್ಣಾಂಶದಲ್ಲಿ ಮೆತ್ತಗಿರಲಿ. ಬಿಸಿಯಾಗಿ ಕರಗಿದ್ದನ್ನು ಸುರಿದರೆ ಲೇಪ ಒಡೆದು ಎಣ್ಣೆ ಬಿಟ್ಟುಕೊಳ್ಳುತ್ತದೆ. ತಾಳ್ಮೆಯುಳ್ಳವರು ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕಂದುಬಣ್ಣ ಬರುವತನಕ ಕಾಯಿಸಿ, ಆರಿಸಿ, ಮತ್ತೆ ಗಟ್ಟಿಯಾದ ಮೇಲೆ ಸೇರಿಸಬಹುದು. ಹಾಲಿನ ಸಸಾರಜನಕಗಳೂ ಹಾಲಿನ ಸಕ್ಕರೆಯೂ ಕೂಡಿ ಆಗ ಹೊಸ ಪರಿಮಳಗಳು ಹುಟ್ಟುತ್ತವೆ. ಫ್ರಾನ್ಸಿನ ಮೈಯಾರ್ ೧೯೧೨ರಲ್ಲಿ ವಿವರಿಸಿದ ಕ್ರಿಯೆ ಇದೇ. ತುಪ್ಪ ಕಾಯಿಸುವ ದಿನ ಬೀದಿಯವರೆಗೂ ಹಬ್ಬುವ ವಾಸನೆಯನ್ನು ಬಲ್ಲ ನಮಗೆ ಇದರ ಪರಿಚಯ ಹೊಸದಾಗಿ ಬೇಕಿಲ್ಲ.

ಎರಡನೆಯದು ಉಪ್ಪು. ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆ ಉಂಟಷ್ಟೆ. ಪಾಯಸಕ್ಕೆ ಚಿಟಿಕೆ ಉಪ್ಪು ಹಾಕುವ ಗೃಹಿಣಿಯನ್ನು ಕೇಳಿದರೆ ‘ಸಿಹಿ ಏಳುತ್ತದೆ’ ಎನ್ನುತ್ತಾಳೆ. ಇದರ ಮರ್ಮವನ್ನು ಅಮೆರಿಕದ ಬ್ರೆಸ್ಲಿನ್ ಮತ್ತು ಬೋಷಾಂ ಎಂಬ ವಿಜ್ಞಾನಿಗಳು ೧೯೯೭ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಕಹಿಯಾದ ಯೂರಿಯಾವನ್ನೂ ಸಕ್ಕರೆಯನ್ನೂ ಕೂಡಿಸಿದ ದ್ರಾವಣಕ್ಕೆ ಸೋಡಿಯಂ ಲವಣವೊಂದನ್ನು ಬೆರೆಸಿದಾಗ ಕಹಿ ಅಡಗಿತು. ಕಹಿಯ ಕೆಳಗೆ ಹುದುಗಿದ್ದ ಸಿಹಿ ಮೇಲೆದ್ದಿತು. ಉಪ್ಪು ಸಿಹಿಯನ್ನು ಹೆಚ್ಚಿಸಿದುದಲ್ಲ, ಅದನ್ನು ಮುಚ್ಚಿದ್ದ ತೆರೆಯನ್ನು ಸರಿಸಿತು. ಡಬ್ಬಿಯೊಂದಕ್ಕೆ ಕಾಲು ಚಹಾಚಮಚ ಉಪ್ಪು ಸಾಕು. ಆದರೆ ಒಣ ಉಪ್ಪನ್ನು ಉದುರಿಸಬೇಡಿ: ಉಪ್ಪು ಜಿಡ್ಡಿನಲ್ಲಿ ಕರಗದು, ಲೇಪದಲ್ಲಿರುವ ಅಲ್ಪ ನೀರೋ ಆಗಲೇ ಸಕ್ಕರೆಯ ವಶದಲ್ಲಿದೆ. ಒಂದು ಚಮಚ ಹಾಲಿನಲ್ಲಿ ಕರಗಿಸಿ ಬೆರೆಸಿರಿ.

ಹುಳಿಯೂ ಸಿಹಿಯ ಮೊನೆಯನ್ನು ಮುರಿಯುತ್ತದೆ. ಅಮೆರಿಕನ್ನರು ಕ್ರೀಂ ಚೀಸನ್ನು ಸೇರಿಸುವುದು ಇದಕ್ಕಾಗಿಯೇ. ನಮ್ಮಲ್ಲಿ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು ಆ ಕೆಲಸ ಮಾಡೀತು. ನಿಂಬೆಯ ರಸ ಲೇಪವನ್ನು ತೆಳುವಾಗಿಸುತ್ತದೆ. ಸಿಪ್ಪೆಯ ತುರಿ ಲೇಸು, ಅದರ ತೈಲ ಜಿಡ್ಡಿನಲ್ಲಿ ಸುಲಭವಾಗಿ ಬೆರೆಯುವುದು.

ಔಷಧದ ವಾಸನೆಗೆ ಕಾರಣ ಬಹುಮಟ್ಟಿಗೆ ಒಂಟಿ ವೆನಿಲಿನ್. ವೆನಿಲಾ ಕಾಯಿಯ ಈ ಮುಖ್ಯ ಪರಿಮಳದ್ರವ್ಯವನ್ನು ಜರ್ಮನಿಯ ಟೀಮನ್ ಮತ್ತು ಹಾರ್ಮನ್ ೧೮೭೪ರಲ್ಲಿ ಪೈನ್ ಮರದ ರಸದಿಂದ ದೊರೆತ ವಸ್ತುವೊಂದರಿಂದ ತಯಾರಿಸಿದರು. ನಿಜವಾದ ಕಾಯಿಯಲ್ಲಾದರೋ ಅದರೊಡನೆ ಇನ್ನೆಷ್ಟೋ ಸುವಾಸನೆಗಳಿವೆ. ಒಂಟಿ ತಂತಿಗೂ ಇಡೀ ವೀಣೆಗೂ ಇರುವ ಅಂತರ. ಈ ಶತಮಾನದ ಆರಂಭದಲ್ಲಿ ಬೆಲೆ ಏರಿದಾಗ ಮಲೆನಾಡಿನ ಅನೇಕ ತೋಟಗಳಿಗೆ ವೆನಿಲಾ ಬಳ್ಳಿ ಹಬ್ಬಿತು, ಬೆಲೆ ಕುಸಿದಾಗ ಬೆಳೆಗಾರರು ನೊಂದರು. ಆ ಕಾಯಿಯ ಕೆಲವು ಬೀಜಗಳು ಸಿಕ್ಕಿದರೆ ಬಿಡಬೇಡಿ; ಸಿಗದಿದ್ದರೆ ಏಲಕ್ಕಿಯೂ ಆದೀತು.

ಇಷ್ಟನ್ನೂ ಸೇರಿಸಿ ಕಡೆಯಲ್ಲಿ ಮೂರು ನಾಲ್ಕು ನಿಮಿಷ ಬಲವಾಗಿ ಕಡೆಯಬೇಕು. ಸಣ್ಣ ಗಾಳಿಗುಳ್ಳೆಗಳು ಸಿಕ್ಕಿಬಿದ್ದು, ಜಿಡ್ಡಿನ ಸ್ಫಟಿಕಗಳು ಅವುಗಳ ಸುತ್ತ ಗೋಡೆ ಕಟ್ಟುತ್ತವೆ. ಬೆಳಕು ಗುಳ್ಳೆಗಳಿಂದ ಚದುರುವುದರಿಂದ ಲೇಪ ಬೆಳ್ಳಗಾಗುತ್ತದೆ. ಗಾತ್ರ ಒಂದೂವರೆ ಪಟ್ಟಾದರೆ ಚಮಚವೊಂದರಲ್ಲಿನ ಸಕ್ಕರೆ ಮೊದಲಿನ ಮೂರರಲ್ಲಿ ಎರಡು ಪಾಲಿಗೆ ಇಳಿದಂತೆ. ಕೇಕಿಗೆ ಅಷ್ಟೇ ದಪ್ಪ ಬಳಿದರೆ ತಿನ್ನುವವನ ಹೊಟ್ಟೆಗೂ ಅಷ್ಟು ಹಗುರ.

ಇಷ್ಟೆಲ್ಲ ಆದ ಮೇಲೂ ರುಚಿ ನಿಜವಾಗಿ ಬದಲಾಯಿತೋ, ಬದಲಾಯಿತೆಂಬುದು ನಮ್ಮ ಶ್ರಮದ ಮೇಲಿನ ಮೋಹವೋ? ಪರೀಕ್ಷಿಸುವುದು ಸುಲಭ. ಗೆಳೆಯನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಮೂರು ಬಟ್ಟಲುಗಳಿಂದ ರುಚಿ ತೋರಿಸಿ. ಎರಡರಲ್ಲಿ ಒಂದೇ ಲೇಪ, ಮೂರನೆಯದರಲ್ಲಿ ಬೇರೆಯದು. ಬೇರೆಯದು ಯಾವುದೆಂದು ಕೇಳಿ. ಬರಿಯ ಊಹೆಯಿಂದ ಒಬ್ಬನು ಸರಿಯಾಗಿ ಹೇಳುವ ಸಂಭವ ೩ರಲ್ಲಿ ೧. ಐವರೂ ಹೀಗೆ ಸರಿಯಾಗಿ ಹೇಳುವ ಸಂಭವ ೨೪೩ರಲ್ಲಿ ೧ ಮಾತ್ರ. ಬಟ್ಟಲುಗಳ ಕ್ರಮವನ್ನು ಪ್ರತಿಯೊಬ್ಬರಿಗೂ ಬದಲಿಸಿರಿ, ನಡುವೆ ನೀರು ಕುಡಿಸಿರಿ. ಯಾವುದು ಮೆಚ್ಚುಗೆಯಾಯಿತೆಂಬ ಪ್ರಶ್ನೆಯನ್ನು ಆಮೇಲೆ ಪ್ರತ್ಯೇಕವಾಗಿ ಕೇಳಬೇಕು. ಉಳಿದುದನ್ನು ಶೀತಕಪಾಟಿನಲ್ಲಿಡಿ, ಬೆಣ್ಣೆ ಮೊಸರು ಸೇರಿದ ಮೇಲೆ ಅದು ಡಬ್ಬಿಯ ಮೇಲೆ ಬರೆದಿರುವ ತಾರೀಖಿನವರೆಗೆ ಬಾಳುವುದಿಲ್ಲ.